ಫೋನಿನ ವಿಡಿಯೊ ಹಳೆಯ ಡಿವಿಡಿ ಪ್ಲೇಯರ್‌ನಲ್ಲಿ ಓಡಬೇಕೆಂದರೆ: ಪರಿವರ್ತನೆಯಿಂದ ಬರ್ನಿಂಗ್‌ವರೆಗೆ ಸಮಗ್ರ ಮಾರ್ಗದರ್ಶಿ

ನಮ್ಮ ಅಜ್ಜಿಗೆ ಸ್ಮಾರ್ಟ್‌ಫೋನ್ ಒಗ್ಗಲಿಲ್ಲ. ತೀರ್ಥಹಳ್ಳಿ ಕಡೆಯ ಅವರ ಮನೆಯಲ್ಲಿ ಟಿವಿಯ ಕೆಳಗೆ ಒಂದು ಹಳೆಯ ಡಿವಿಡಿ ಪ್ಲೇಯರ್ ಇದೆ. ಡಿಸ್ಕ್ ಹಾಕುವುದು, ರಿಮೋಟಿನಲ್ಲಿ ಪ್ಲೇ ಒತ್ತುವುದು, ಊಟಕ್ಕೆ ಏಳುವಾಗ ನಿಲ್ಲಿಸುವುದು, ಎಲ್ಲವೂ ಅವರಿಗೆ ರೂಢಿ. ತಮ್ಮನ ಮಗನ ಉಪನಯನವನ್ನು ಮನೆಮಂದಿಯೆಲ್ಲ ಫೋನಿನಲ್ಲಿ ತೆಗೆದಿದ್ದರು. ಮೊಣಕಾಲು ನೋವಿನಿಂದ ಬರಲಾಗದ ಅಜ್ಜಿಗೆ ಅದನ್ನು ಡಿವಿಡಿ ಮಾಡಿ ಕೊಡೋಣ ಎಂದು ಕೂತೆ. ನಾಲ್ಕು ಡಿಸ್ಕ್ ಹಾಳಾದವು. ಐದನೆಯದು ಓಡಿತು.

ಮೊದಲನೆಯದನ್ನು ಪ್ಲೇಯರ್ ಗುರುತಿಸಲೇ ಇಲ್ಲ. ಎರಡನೆಯದರಲ್ಲಿ ಚಿತ್ರ ಬಂತು, ಆದರೆ ಹೋಗ್ತಾ ಹೋಗ್ತಾ ಪುರೋಹಿತರ ತುಟಿಗೂ ಮಂತ್ರಕ್ಕೂ ಸಂಬಂಧ ತಪ್ಪಿತು. ಮೂರನೆಯದರಲ್ಲಿ ಎಲ್ಲರೂ ತೆಳ್ಳಗೆ, ಉದ್ದಕ್ಕೆ ಕಂಡರು. ನಾಲ್ಕನೆಯದು ಚೆನ್ನಾಗಿ ಓಡಿ, ಕೊನೆಯ ಇಪ್ಪತ್ತು ನಿಮಿಷ ಇರುವಾಗ ಚೌಕ ಚೌಕವಾಗಿ ಒಡೆದು ನಿಂತುಬಿಟ್ಟಿತು. ಈ ನಾಲ್ಕರಲ್ಲಿ ಬರ್ನ್ ಮಾಡುವಾಗ, ಅಂದರೆ ಡಿಸ್ಕಿಗೆ ಬರೆಯುವಾಗ, ಆದ ತಪ್ಪು ಕೊನೆಯದೊಂದೇ. ಮೊದಲ ಮೂರು ಕೆಟ್ಟದ್ದು ಡಿಸ್ಕ್ ರೈಟರ್‌ಗೆ ಹೋಗುವುದಕ್ಕೂ ಮೊದಲೇ. ಅದು ಗೊತ್ತಿಲ್ಲದೆ ನಾನು ರೈಟರ್ ಬದಲಿಸಿದೆ, ಕೇಬಲ್ ಬದಲಿಸಿದೆ, ಡಿಸ್ಕಿನ ಬ್ರ್ಯಾಂಡ್ ಬದಲಿಸಿದೆ.

ಆದ್ದರಿಂದ ಈ ಮಾರ್ಗದರ್ಶಿ ಒಂದೇ ಮಾತನ್ನು ಹಿಡಿದು ನಡೆಯುತ್ತದೆ: ದೋಷ ಯಾವ ಹಂತದ್ದು ಎಂದು ಮೊದಲು ಪತ್ತೆ ಮಾಡಿ, ಆಮೇಲೆ ಅದನ್ನು ಮಾತ್ರ ಸರಿಪಡಿಸಿ. ಹಂತಗಳು ನಾಲ್ಕು. ಮೂಲ ಫೈಲ್, ಪರಿವರ್ತನೆ, ಡಿವಿಡಿಯ ರೂಪ ಕೊಡುವ ಆಥರಿಂಗ್, ಕೊನೆಗೆ ಬರ್ನಿಂಗ್. ಮೊದಲ ಮೂರನ್ನು ಒಂದೂ ಡಿಸ್ಕ್ ಖರ್ಚು ಮಾಡದೆ ಕಂಪ್ಯೂಟರಿನಲ್ಲೇ ಪರೀಕ್ಷಿಸಬಹುದು.

ಇಲ್ಲಿ ಹೇಳುತ್ತಿರುವುದು ನಮ್ಮದೇ ಮನೆಯ ವಿಡಿಯೊಗಳ ಬಗ್ಗೆ. ಸಿನಿಮಾ ಡಿಸ್ಕುಗಳ ನಕಲು ಬೇರೆಯೇ ವಿಷಯ, ಅದಕ್ಕೆ ಕಾಪಿರೈಟ್ ಕಾನೂನು ಅಡ್ಡ ಬರುತ್ತದೆ.

ಶುರು ಮಾಡುವ ಮುನ್ನ: ಡಿಸ್ಕ್ ಬೇಕೇ ಬೇಕೇ?

ಪ್ಲೇಯರಿನ ಅಥವಾ ಟಿವಿಯ ಮುಂದೆ, ಹಿಂದೆ, ಪಕ್ಕದಲ್ಲಿ ಯುಎಸ್‌ಬಿ ಕಿಂಡಿ ಇದೆಯೇ ನೋಡಿ. ಇದ್ದರೆ ಪೆನ್‌ಡ್ರೈವ್ ಸಾಕಾಗಬಹುದು. ಈಚಿನ ಟಿವಿಗಳು ಫೋನಿನ ಎಂಪಿ4 ಫೈಲನ್ನು ಸಾಮಾನ್ಯವಾಗಿ ನೇರವಾಗಿ ಓಡಿಸುತ್ತವೆ. ಹಳೆಯ ಡಿವಿಡಿ ಪ್ಲೇಯರಿನ ಯುಎಸ್‌ಬಿ ಕಿಂಡಿ ಹಾಗಲ್ಲ. ಅದಕ್ಕೆ ಎಂಪೆಗ್-2 ಅಥವಾ ಎಕ್ಸ್‌ವಿಡ್ ಬಗೆಯ ಎವಿಐ ಎಂಬ ಹಳೆಯ ರೂಪದ ಫೈಲ್ ಬೇಕಾಗುತ್ತದೆ, ಪೆನ್‌ಡ್ರೈವ್ ಫ್ಯಾಟ್32 ಆಗಿ ಫಾರ್ಮ್ಯಾಟ್ ಆಗಿರಬೇಕು. ಫ್ಯಾಟ್32ರಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ. ಕಿಂಡಿಯೇ ಇಲ್ಲದಿದ್ದರೆ, ಅಥವಾ ನೋಡುವವರಿಗೆ ಡಿಸ್ಕೇ ಸಲೀಸು ಎಂದಾದರೆ ಮುಂದೆ ಓದಿ.

ಪ್ಲೇಯರ್ ಕೇಳುವುದು ಏನನ್ನು?

ನನ್ನ ಮೊದಲ ಡಿಸ್ಕಿನ ಕಥೆ ಇಲ್ಲಿದೆ. ಎಂಪಿ4 ಫೈಲುಗಳನ್ನು ಹಾಗೇ ಡಿಸ್ಕಿಗೆ ಎಳೆದು ಹಾಕಿದ್ದೆ. ಹಾಗೆ ಆಗುವುದು ಡೇಟಾ ಡಿಸ್ಕ್. ಕಂಪ್ಯೂಟರಿಗೆ ಅದು ಅರ್ಥವಾಗುತ್ತದೆ, ಹಳೆಯ ಪ್ಲೇಯರಿಗೆ ಆಗುವುದಿಲ್ಲ. ಪ್ಲೇಯರಿಗೆ ಬೇಕಾದ್ದು ಡಿವಿಡಿ-ವಿಡಿಯೊ. ಡಿಸ್ಕ್ ತೆರೆದೊಡನೆ ಕಾಣುವಂತೆ ವಿಡಿಯೊ_ಟಿಎಸ್ ಎಂಬ ಫೋಲ್ಡರ್, ಅದರೊಳಗೆ ಐಎಫ್‌ಒ, ಬಿಯುಪಿ, ವಿಒಬಿ ಎಂಬ ಮೂರು ಬಗೆಯ ಫೈಲುಗಳು ಇರಬೇಕು. ವಿಒಬಿಯಲ್ಲಿ ಚಿತ್ರ ಮತ್ತು ಧ್ವನಿ ಇರುತ್ತದೆ, ಐಎಫ್‌ಒದಲ್ಲಿ ಎಲ್ಲಿಂದ ಓಡಿಸಬೇಕು ಎಂಬ ಸೂಚನೆ, ಬಿಯುಪಿ ಆ ಸೂಚನೆಯ ಇನ್ನೊಂದು ಪ್ರತಿ. ವಿಒಬಿ ಫೈಲು ತಲಾ 1 ಜಿಬಿಯಂತೆ ತುಂಡಾಗಿರುತ್ತದೆ. ಅದನ್ನು ಕಂಡು ವಿಡಿಯೊ ಕತ್ತರಿಸಿ ಹೋಗಿದೆ ಎಂದು ಗಾಬರಿಯಾಗಬೇಡಿ.

ಒಳಗಿನ ಚಿತ್ರಕ್ಕೂ ಕಟ್ಟುನಿಟ್ಟು ಇದೆ. ಎಂಪೆಗ್-2 ಆಗಿರಬೇಕು. ನಮ್ಮ ದೇಶದ ಟಿವಿಯ ಪಾಲ್ ಪದ್ಧತಿಯಾದರೆ 720×576 ಅಳತೆ, ಸೆಕೆಂಡಿಗೆ 25 ಫ್ರೇಮ್, ಅಂದರೆ ಬಿಡಿ ಚಿತ್ರ. ಅಮೆರಿಕದ ಎನ್‌ಟಿಎಸ್‌ಸಿ ಆದರೆ 720×480, ಸೆಕೆಂಡಿಗೆ 29.97 ಫ್ರೇಮ್. ಧ್ವನಿಯ ಸ್ಯಾಂಪಲ್ ದರ 48 ಕಿಲೊಹರ್ಟ್ಸ್. ಸಿಡಿಯ ಹಾಡಿನಲ್ಲಿರುವ 44.1 ಇಲ್ಲಿ ನಡೆಯುವುದಿಲ್ಲ. ಧ್ವನಿಯ ಬಗೆಗೆ ಎಸಿ-3 ಆರಿಸಿಕೊಳ್ಳಿ, ಎಲ್ಲ ಪ್ಲೇಯರಿಗೂ ಅದು ಗೊತ್ತು. ನಿಮ್ಮ 4ಕೆ ವಿಡಿಯೊ ಎಷ್ಟೇ ಸ್ಫುಟವಾಗಿದ್ದರೂ ಡಿವಿಡಿಗೆ ಇಳಿದಾಗ ಈ ಅಳತೆಗೇ ಬರಬೇಕು. ಆದ್ದರಿಂದ ಮೂಲ ಫೈಲುಗಳನ್ನು ಅಳಿಸಬೇಡಿ.

ಮೊದಲ ಹಂತ: ಮೂಲ ಫೈಲುಗಳನ್ನು ಕೂಡಿಸುವುದು

ಬಂಧುಗಳಿಂದ ವಿಡಿಯೊ ಕೇಳುವಾಗ ವಾಟ್ಸ್ಆ್ಯಪಿನಲ್ಲಿ ಮಾಮೂಲಿಯಾಗಿ ಕಳಿಸಲು ಬಿಡಬೇಡಿ. ಅದು ವಿಡಿಯೊವನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಹಾಗೆ ಬಂದದ್ದನ್ನು ದೊಡ್ಡ ಟಿವಿಯಲ್ಲಿ ಹಾಕಿದರೆ ಮುಖಗಳು ಮಸುಕಾಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿ ಎನ್ನಿ, ಇಲ್ಲವೇ ಗೂಗಲ್ ಡ್ರೈವ್‌ಗೆ ಹಾಕಿಸಿಕೊಳ್ಳಿ, ಇನ್ನೂ ಒಳ್ಳೆಯದೆಂದರೆ ಕೇಬಲ್ ಹಾಕಿ ನೇರ ನಕಲು ಮಾಡಿಕೊಳ್ಳಿ.

ಎಲ್ಲವನ್ನೂ ಸಿ ಡ್ರೈವ್ ಅಥವಾ ಡಿ ಡ್ರೈವಿನಲ್ಲಿ ಒಂದು ಚಿಕ್ಕ ಹೆಸರಿನ ಫೋಲ್ಡರಿಗೆ ಹಾಕಿ. ಫೋಲ್ಡರಿನ ಹೆಸರೂ ಫೈಲುಗಳ ಹೆಸರೂ ಇಂಗ್ಲಿಷ್ ಅಕ್ಷರಗಳಲ್ಲೇ ಇರಲಿ, ನಡುವೆ ಖಾಲಿ ಜಾಗ ಬೇಡ. ಕನ್ನಡದಲ್ಲಿ ಬರೆಯಲು ಹೆಮ್ಮೆ ಪಡುವವನೇ ನಾನೂ, ಆದರೆ ಡಿವಿಡಿ ಕೆಲಸದ ಸಾಫ್ಟ್‌ವೇರ್‌ಗಳು ಹೆಚ್ಚಿನವು ಹಳೆಯ ಕಾಲದವು. ಕನ್ನಡ ಹೆಸರಿನ ಫೈಲ್ ಸಿಕ್ಕಾಗ ಕೆಲವು ಕಾರಣವನ್ನೂ ಹೇಳದೆ ಅರ್ಧಕ್ಕೆ ನಿಲ್ಲುತ್ತವೆ. ವಿಂಡೋಸ್ ಬಳಕೆದಾರನ ಹೆಸರೇ ಕನ್ನಡದಲ್ಲಿದ್ದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರುಗಳಲ್ಲೂ ಇದೇ ತೊಡಕು ಬರಬಹುದು, ಏಕೆಂದರೆ ಅವುಗಳ ಹಾದಿಯಲ್ಲಿ ಆ ಹೆಸರು ಸೇರಿರುತ್ತದೆ.

ಕಂಪ್ಯೂಟರಿನ ಹಾರ್ಡ್‌ಡಿಸ್ಕಿನಲ್ಲಿ ಖಾಲಿ ಜಾಗ ಎಷ್ಟಿದೆ ನೋಡಿ. ಒಂದು ಡಿವಿಡಿಗೆ ಪರಿವರ್ತಿತ ಫೈಲು, ವಿಒಬಿ, ಐಎಸ್‌ಒ (ಇಡೀ ಡಿಸ್ಕಿನ ಪ್ರತಿರೂಪ ಒಂದೇ ಫೈಲಿನಲ್ಲಿ) ಎಂದು ಅದೇ ವಿಡಿಯೊ ಮೂರು ಪಾಲು ಜಾಗ ಹಿಡಿಯುತ್ತದೆ. 15 ಜಿಬಿಯಾದರೂ ಖಾಲಿ ಇರಲಿ. ಪರಿವರ್ತನೆ 90 ಪ್ರತಿಶತಕ್ಕೆ ಬಂದು ನಿಲ್ಲುತ್ತದೆ ಎಂಬ ದೂರಿಗೆ ಹಲವು ಸಲ ಕಾರಣ ಇಷ್ಟೇ.

ಈಗ ಮೀಡಿಯಾಇನ್ಫೊ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಒಂದೊಂದೇ ಫೈಲನ್ನು ತೆರೆಯಿರಿ. ವೈದ್ಯರು ನಾಡಿ ಹಿಡಿದು ನೋಡಿದ ಹಾಗೆ ಇದು. ನೋಡಬೇಕಾದ ಸಾಲುಗಳು ನಾಲ್ಕೈದು. ಕೊಡೆಕ್ (ವಿಡಿಯೊವನ್ನು ಹಿಂಡಿಡುವ ವಿಧಾನ) ಯಾವುದು, ಫ್ರೇಮ್‌ರೇಟ್ (ಸೆಕೆಂಡಿಗೆ ಫ್ರೇಮುಗಳು) ಎಷ್ಟು, ಫ್ರೇಮ್‌ರೇಟ್ ಮೋಡ್ ಎಂಬಲ್ಲಿ ವೇರಿಯಬಲ್ ಎಂದಿದೆಯೋ ಕಾನ್‌ಸ್ಟಂಟ್ ಎಂದಿದೆಯೋ, ಸ್ಕ್ಯಾನ್ ಟೈಪ್ ಎಂಬಲ್ಲಿ ಇಂಟರ್‌ಲೇಸ್ಡ್ ಎಂದಿದೆಯೋ, ರೊಟೇಶನ್ ಎಂಬ ಸಾಲು ಇದೆಯೋ. ಇವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಅರ್ಧ ತೊಂದರೆಗಳ ಬೇರು ಈ ಚೀಟಿಯಲ್ಲೇ ಸಿಗುತ್ತದೆ.

ಎರಡನೇ ಹಂತ: ಪರಿವರ್ತನೆ, ಅಲ್ಲಿನ ತೊಡಕುಗಳು

ತುಟಿ ಒಂದು ಕಡೆ, ಮಾತು ಒಂದು ಕಡೆ. ಇದು ನನ್ನ ಎರಡನೇ ಡಿಸ್ಕಿನ ಕಾಯಿಲೆ. ಮೊದಲು ಇದರ ಬಗೆ ಗುರುತಿಸಬೇಕು. ವಿಡಿಯೊದ ಶುರು, ನಡು, ಕೊನೆ ಮೂರೂ ಕಡೆ ನೋಡಿ. ಮೂರೂ ಕಡೆ ಒಂದೇ ಸಮ ಅರ್ಧ ಸೆಕೆಂಡ್ ವ್ಯತ್ಯಾಸವಿದ್ದರೆ ಅದು ಧ್ವನಿ ತಡವಾಗಿ ಆರಂಭವಾದ ದೋಷ. ಎಡಿಟರಿನಲ್ಲಿ ಧ್ವನಿಯ ಪಟ್ಟಿಯನ್ನು ಅಷ್ಟೇ ಸರಿಸಿದರೆ ಸಾಕು. ಶುರುವಿನಲ್ಲಿ ಸರಿಯಿದ್ದು ಹೋಗ್ತಾ ಹೋಗ್ತಾ ಅಂತರ ಬೆಳೆಯುತ್ತಿದ್ದರೆ ಅದು ಫ್ರೇಮ್‌ರೇಟಿನ ದೋಷ.

ಫೋನುಗಳು ಸೆಕೆಂಡಿಗೆ 30 ಫ್ರೇಮ್ ಎಂದು ಹೇಳಿಕೊಂಡರೂ ಅಷ್ಟೇ ತೆಗೆಯುವುದಿಲ್ಲ. ಬೆಳಕು ಕಡಿಮೆಯಾದಾಗ, ಫೋನ್ ಬಿಸಿಯಾದಾಗ 24ಕ್ಕೋ 27ಕ್ಕೋ ಇಳಿಸುತ್ತವೆ, ಮತ್ತೆ ಏರಿಸುತ್ತವೆ. ಮೀಡಿಯಾಇನ್ಫೊ ವೇರಿಯಬಲ್ ಎನ್ನುವುದು ಇದನ್ನೇ. ಹೋಮದ ಹೊಗೆ ತುಂಬಿದ ನಡುಮನೆಯಲ್ಲಿ ತೆಗೆದ ವಿಡಿಯೊ ಎಂದರೆ ಬೆಳಕಿನ ಏರಿಳಿತ ಕೇಳಬೇಕೆ! ಫೋನಿನಲ್ಲಿ ಓಡಿಸುವಾಗ ಪ್ರತಿ ಫ್ರೇಮಿಗೂ ಅಂಟಿಸಿದ ಸಮಯದ ಗುರುತು ನೋಡಿ ಪ್ಲೇಯರ್ ಸರಿದೂಗಿಸುತ್ತದೆ. ಹಲವು ಪರಿವರ್ತಕಗಳು ಆ ಗುರುತನ್ನು ಕಡೆಗಣಿಸಿ ಫ್ರೇಮುಗಳನ್ನು ಮಾತ್ರ ಎಣಿಸುತ್ತವೆ. ಧ್ವನಿ ತನ್ನ ಕಾಲಕ್ಕೆ ನಡೆಯುತ್ತದೆ, ಚಿತ್ರ ಓಡುತ್ತಲೋ ಹಿಂದುಳಿಯುತ್ತಲೋ ಹೋಗುತ್ತದೆ.

ಇದಕ್ಕೆ ಮದ್ದು ಹ್ಯಾಂಡ್‌ಬ್ರೇಕ್. ಉಚಿತ ಸಾಫ್ಟ್‌ವೇರ್, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ. ಅದು ಡಿವಿಡಿ ಮಾಡಿಕೊಡುವುದಿಲ್ಲ, ಎಂಪಿ4, ಎಂಕೆವಿಯಂಥ ಫೈಲು ಕೊಡುತ್ತದೆ. ನಮಗೆ ಬೇಕಾದ್ದು ನಡುವಿನ ಶುದ್ಧೀಕರಣ. ಫೈಲ್ ತೆರೆದು ವಿಡಿಯೊ ಪುಟಕ್ಕೆ ಹೋಗಿ ಫ್ರೇಮ್‌ರೇಟ್ ಎಂಬಲ್ಲಿ ಸಂಖ್ಯೆಯನ್ನು ನೀವೇ ಆರಿಸಿ, ಪಕ್ಕದ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಗುಂಡಿ ಒತ್ತಿ. ಗುಣಮಟ್ಟದ ಆರ್‌ಎಫ್ ಅಂಕಿಯನ್ನು 17ರ ಆಸುಪಾಸು ಇಡಿ. ಅಂಕಿ ಇಳಿದಷ್ಟೂ ಗುಣ ಏರುತ್ತದೆ. ನಾಲ್ಕು ಫೋನುಗಳಿಂದ ಬಂದ ತುಣುಕುಗಳಿದ್ದರೆ ಪ್ರತಿಯೊಂದನ್ನೂ ಹೀಗೆ ಒಂದೇ ಫ್ರೇಮ್‌ರೇಟಿಗೆ ತಂದು, ಆಮೇಲೆ ಎಡಿಟರಿನಲ್ಲಿ ಜೋಡಿಸಿ. ಜೋಡಿಸಿದ ಮೇಲೆ ಸರಿಮಾಡಲು ಹೋದರೆ ಯಾವ ತುಣುಕು ಎಷ್ಟು ಜಾರಿದೆ ಎಂದು ಹುಡುಕುವುದರಲ್ಲೇ ದಿನ ಕಳೆಯುತ್ತದೆ.

ಯಾವ ಸಂಖ್ಯೆ ಆರಿಸಬೇಕು? ಇಲ್ಲಿ ನನ್ನ ಅಭಿಪ್ರಾಯ ರೂಢಿಗೆ ವಿರುದ್ಧವಾಗಿದೆ. ಭಾರತ ಪಾಲ್ ದೇಶ, ಹಾಗಾಗಿ 25 ಆರಿಸಿ ಎಂದು ಎಲ್ಲರೂ ಹೇಳುತ್ತಾರೆ. ಹ್ಯಾಂಡಿಕ್ಯಾಮಿನಲ್ಲಿ 25ರಲ್ಲೇ ತೆಗೆದದ್ದಾದರೆ ಆ ಮಾತು ಸರಿ. ಫೋನಿನ 30 ಫ್ರೇಮಿನ ವಿಡಿಯೊವನ್ನು 25ಕ್ಕೆ ಇಳಿಸಿದರೆ ಮಾತ್ರ ಪ್ರತಿ ಆರರಲ್ಲಿ ಒಂದು ಫ್ರೇಮ್ ಬಿದ್ದುಹೋಗುತ್ತದೆ. ನಡೆದು ಬರುವ ಜನ, ಪಕ್ಕಕ್ಕೆ ತಿರುಗುವ ಕ್ಯಾಮೆರಾ ಎಲ್ಲ ಮೆಲ್ಲಗೆ ಜಗ್ಗಿದಂತೆ ಕಾಣುತ್ತವೆ. ಅದರ ಬದಲು 29.97 ಆರಿಸಿ ಎನ್‌ಟಿಎಸ್‌ಸಿ ಡಿವಿಡಿಯನ್ನೇ ಮಾಡಿ. ನಮ್ಮಲ್ಲಿ ಮಾರಾಟವಾದ ಪ್ಲೇಯರುಗಳು ಬಹುಪಾಲು ಎರಡೂ ಪದ್ಧತಿಯ ಡಿಸ್ಕ್ ಓಡಿಸುತ್ತವೆ. ಅಮೆರಿಕದ ಪ್ಲೇಯರುಗಳು ಹಾಗಲ್ಲ, ಪಾಲ್ ಡಿಸ್ಕನ್ನು ಎಷ್ಟೋ ಪ್ಲೇಯರುಗಳು ಮುಟ್ಟುವುದೇ ಇಲ್ಲ. ಊರಿನ ಮದುವೆಯ ಡಿಸ್ಕ್ ನ್ಯೂಜೆರ್ಸಿಯಲ್ಲಿರುವ ಅಕ್ಕನ ಮನೆಯಲ್ಲಿ ಓಡಲಿಲ್ಲ ಎಂಬ ಮಾತು ಕೇಳಿದ್ದೀರಲ್ಲ, ಕಾರಣ ಇದೇ. ಮನೆಯಲ್ಲಿ ಬರ್ನ್ ಮಾಡಿದ ಡಿಸ್ಕಿಗೆ ಸಾಮಾನ್ಯವಾಗಿ ರೀಜನ್ ಕೋಡ್ (ಯಾವ ದೇಶಗಳ ಪ್ಲೇಯರಿನಲ್ಲಿ ಓಡಬೇಕು ಎಂಬ ಕಟ್ಟುಪಾಡು) ಇರುವುದಿಲ್ಲ, ಆ ತಡೆ ಇರುವುದು ಅಂಗಡಿಯ ಸಿನಿಮಾ ಡಿಸ್ಕಿಗೆ. ಊರಿಗೊಂದು, ಅಮೆರಿಕಕ್ಕೊಂದು ಕಳಿಸುವುದಿದ್ದರೆ ಎನ್‌ಟಿಎಸ್‌ಸಿ ಒಂದನ್ನೇ ಮಾಡಿದರೆ ಎರಡೂ ಕಡೆಗೆ ಆಗುತ್ತದೆ.

ಚಪ್ಪಟೆ ಮುಖ, ಉದ್ದ ಮುಖ. 720×576 ಎಂಬುದು 16:9 ಅಲ್ಲ, 4:3 ಕೂಡ ಅಲ್ಲ. ಡಿವಿಡಿಯಲ್ಲಿ ಅಗಲದ ಚಿತ್ರಕ್ಕೂ ಚೌಕದ ಚಿತ್ರಕ್ಕೂ ಇದೇ ಅಳತೆ. ಹಿಗ್ಗಿಸಿ ತೋರಿಸಬೇಕೋ ಬೇಡವೋ ಎಂಬುದನ್ನು ಫೈಲಿನೊಳಗಿನ ಒಂದು ಸಣ್ಣ ಗುರುತು ಹೇಳುತ್ತದೆ. ಆ ಗುರುತು 4:3 ಎಂದಿದ್ದು ಚಿತ್ರ 16:9ರದ್ದಾದರೆ ಜನ ತೆಳ್ಳಗಾಗುತ್ತಾರೆ. ತಿರುವುಮುರುವಾದರೆ ದಪ್ಪಗಾಗುತ್ತಾರೆ. ಇದನ್ನು ಮೂರು ಕಡೆ ಸರಿನೋಡಬೇಕು. ಪರಿವರ್ತನೆಯಲ್ಲಿ, ಆಥರಿಂಗ್ ಪ್ರಾಜೆಕ್ಟಿನಲ್ಲಿ, ಕೊನೆಗೆ ಪ್ಲೇಯರಿನ ಸೆಟಪ್ ಮೆನುವಿನ ಟಿವಿ ಟೈಪ್ ಎಂಬಲ್ಲಿ. ಅಜ್ಜಿಯ ಮನೆಯಲ್ಲಿ ಹೊಸ ಟಿವಿ ಬಂದು ವರ್ಷಗಳಾಗಿದ್ದರೂ ಪ್ಲೇಯರ್ ಮಾತ್ರ ಹಳೆಯ ಡಬ್ಬ ಟಿವಿಯ ಲೆಕ್ಕದಲ್ಲೇ ಇತ್ತು! ಪರೀಕ್ಷೆಗೆ ಮುಖ ನೋಡಬೇಡಿ, ಮುಖ ಮೋಸ ಮಾಡುತ್ತದೆ. ಆರತಿ ತಟ್ಟೆ ಕಾಣುವ ದೃಶ್ಯ ಹುಡುಕಿ. ತಟ್ಟೆ ದುಂಡಗಿದ್ದರೆ ಅನುಪಾತ ಸರಿಯಿದೆ.

ಫೋನನ್ನು ನಿಲ್ಲಿಸಿ ಹಿಡಿದು ತೆಗೆದ ವಿಡಿಯೊ ಅಗಲದ ತೆರೆಯಲ್ಲಿ ಮೂರನೇ ಒಂದು ಪಾಲಿಗಿಂತ ತುಸು ಕಡಿಮೆ ಜಾಗ ಹಿಡಿಯುತ್ತದೆ, ಎರಡೂ ಬದಿ ಕಪ್ಪು. ಇದು ದೋಷವಲ್ಲ. ಹಿಗ್ಗಿಸಿ ತುಂಬಿಸಲು ಹೋಗಬೇಡಿ, ಬೇಕಿದ್ದರೆ ಮೇಲೆ ಕೆಳಗೆ ಸ್ವಲ್ಪ ಕತ್ತರಿಸಿ. ಅದೇ ವಿಡಿಯೊ ಅಡ್ಡಡ್ಡ ಮಲಗಿದ ಹಾಗೆ ಬಂದರೆ ರೊಟೇಶನ್ ಗುರುತನ್ನು ಪರಿವರ್ತಕ ಓದಿಲ್ಲ ಎಂದರ್ಥ. ಹ್ಯಾಂಡ್‌ಬ್ರೇಕಿನಲ್ಲಿ ಒಮ್ಮೆ ಹಾಯಿಸಿದರೆ ಅದೂ ಸರಿಯಾಗುತ್ತದೆ.

ಚಲಿಸುವಾಗ ಬಾಚಣಿಗೆಯ ಹಲ್ಲಿನಂತೆ ಗೆರೆಗಳು ಕಂಡರೆ ಅದು ಇಂಟರ್‌ಲೇಸಿಂಗ್. ಹ್ಯಾಂಡಿಕ್ಯಾಮಿನ ಎಂಟಿಎಸ್ ಫೈಲುಗಳಲ್ಲಿ, ಹಳೆಯ ಕ್ಯಾಸೆಟ್ಟಿನಿಂದ ಇಳಿಸಿದವುಗಳಲ್ಲಿ ಬರುತ್ತದೆ. ಚಿತ್ರದ ಬೆಸ ಸಾಲುಗಳೂ ಸರಿ ಸಾಲುಗಳೂ ಬೇರೆ ಬೇರೆ ಕ್ಷಣದಲ್ಲಿ ತೆಗೆದವು, ಹಾಗಾಗಿ ಅಳತೆ ಬದಲಿಸುವ ಮೊದಲೇ ಡಿಇಂಟರ್‌ಲೇಸ್ ಮಾಡಬೇಕು. ಅಳತೆ ಇಳಿಸಿದ ಮೇಲೆ ಎರಡು ಕ್ಷಣಗಳೂ ಕಲೆಸಿಹೋಗುತ್ತವೆ, ಆಮೇಲೆ ಬೇರ್ಪಡಿಸಲು ಸಾಧ್ಯವಿಲ್ಲ. ಹ್ಯಾಂಡ್‌ಬ್ರೇಕಿನ ಫಿಲ್ಟರ್ಸ್ ಪುಟದಲ್ಲಿ ಯಾಡಿಫ್ ಅಥವಾ ಡಿಕೋಂಬ್ ಆರಿಸಿ.

ಐಫೋನಿನ ವಿಡಿಯೊ ಬಣ್ಣಗೆಟ್ಟು ಬೂದಿ ಬಳಿದಂತೆ ಬಂದರೆ ಅದು ಎಚ್‌ಡಿಆರ್‌ನಲ್ಲಿ (ಬೆಳಕು ಬಣ್ಣಗಳನ್ನು ಹೆಚ್ಚು ವ್ಯಾಪ್ತಿಯಲ್ಲಿ ಹಿಡಿಯುವ ವಿಧಾನ) ತೆಗೆದದ್ದು. ಟೋನ್ ಮ್ಯಾಪಿಂಗ್ ಇರುವ ಎಡಿಟರಿನಲ್ಲಿ ಮೊದಲು ಮಾಮೂಲಿ ಬಣ್ಣಕ್ಕೆ ಇಳಿಸಿಕೊಳ್ಳಬೇಕು. ಮುಂದಿನ ಸಮಾರಂಭಕ್ಕೆ ಹೋಗುವ ಮೊದಲು ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಎಚ್‌ಡಿಆರ್ ಆಫ್ ಮಾಡಿಡುವುದೇ ಸುಲಭ. ವಿಡಿಯೊ ತೆರೆಯಲೇ ಇಲ್ಲ, ಬರೀ ಧ್ವನಿ ಬರುತ್ತದೆ ಎಂದರೆ ಕೊಡೆಕ್ ಎಚ್‌ಇವಿಸಿ ಎಂಬ ಹೊಸ ಬಗೆಯದಾಗಿರಬಹುದು. ಕಂಪ್ಯೂಟರಿನಲ್ಲಿ ವಿಎಲ್‌ಸಿ ಎಂಬ ಉಚಿತ ಪ್ಲೇಯರ್ ಸಾಫ್ಟ್‌ವೇರಿನಲ್ಲಿ ಹಾಕಿ ನೋಡಿ, ಅಲ್ಲಿ ಬಂದರೆ ಫೈಲು ಗಟ್ಟಿಯಾಗಿಯೇ ಇದೆ.

ಎಷ್ಟು ಹೊತ್ತಿನ ವಿಡಿಯೊ ಹಿಡಿಸೀತು?

ಡಬ್ಬಿಯ ಮೇಲೆ 4.7 ಜಿಬಿ ಎಂದಿದ್ದರೂ ವಿಂಡೋಸ್ 4.38 ಎಂದು ತೋರಿಸುತ್ತದೆ. ಅಂಗಡಿಯವರು ಮೋಸ ಮಾಡಿಲ್ಲ, ಡಬ್ಬಿಯವರು ಸಾವಿರದಿಂದ ಎಣಿಸುತ್ತಾರೆ, ವಿಂಡೋಸ್ 1,024ರಿಂದ ಎಣಿಸುತ್ತದೆ. ಲೆಕ್ಕ ಹೀಗೆ ಹಾಕಿ. 4.7 ಜಿಬಿ ಎಂದರೆ 37,600 ಮೆಗಾಬಿಟ್. ಎರಡು ಗಂಟೆ ಎಂದರೆ 7,200 ಸೆಕೆಂಡ್. ಭಾಗಿಸಿದರೆ ಸೆಕೆಂಡಿಗೆ 5.2 ಮೆಗಾಬಿಟ್. ಧ್ವನಿಗೆ 0.2 ಕಳೆದು, ಚಿತ್ರ, ಧ್ವನಿಗಳನ್ನು ಒಟ್ಟಿಗೆ ಕಟ್ಟುವ ಖರ್ಚಿಗೆ ಶೇ 4 ಬಿಟ್ಟರೆ ಚಿತ್ರಕ್ಕೆ ಸುಮಾರು 4.8 ಉಳಿಯುತ್ತದೆ. ಅದು ಚೆನ್ನಾಗಿಯೇ ಕಾಣುತ್ತದೆ. ಮೂರು ಗಂಟೆಗೆ 3.1ಕ್ಕೆ ಇಳಿಯುತ್ತದೆ, ಜನಜಂಗುಳಿಯ ದೃಶ್ಯಗಳಲ್ಲಿ ಚೌಕಗಳು ಕಾಣತೊಡಗುತ್ತವೆ. ಅಷ್ಟಾದರೆ ಎರಡು ಡಿಸ್ಕಿಗೆ ಹಂಚಿ. 8.5 ಜಿಬಿಯ ಡ್ಯುಯಲ್ ಲೇಯರ್ ಡಿಸ್ಕ್ ಇದೆ, ಆದರೆ ಬೆಲೆ ಹೆಚ್ಚು, ಹಳೆಯ ಪ್ಲೇಯರ್ ಪದರ ಬದಲಿಸುವಲ್ಲಿ ಎಡವುತ್ತದೆ. ನಾನಂತೂ ಕೈ ಹಾಕುವುದಿಲ್ಲ.

ಅರ್ಧ ಗಂಟೆಯ ವಿಡಿಯೊ ಎಂದು ಬಿಟ್‌ರೇಟನ್ನು, ಅಂದರೆ ಈ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬ ಲೆಕ್ಕವನ್ನು, ಮಿತಿಯ ತುದಿಗೆ ಏರಿಸಲೂ ಬೇಡಿ. ಡಿವಿಡಿಯಲ್ಲಿ ಚಿತ್ರದ ಗರಿಷ್ಠ ಮಿತಿ 9.8 ಮೆಗಾಬಿಟ್. ಬರ್ನ್ ಮಾಡಿದ ಡಿಸ್ಕನ್ನು ಓದುವುದು ಪ್ಲೇಯರಿಗೆ ಮೊದಲೇ ಕಷ್ಟ, ಅಷ್ಟು ವೇಗದಲ್ಲಿ ಓದು ಎಂದರೆ ತಡವರಿಸುತ್ತದೆ. 8ರಲ್ಲಿ ನಿಲ್ಲಿಸಿ.

ಮೂರನೇ ಹಂತ: ಆಥರಿಂಗ್

ವಿಂಡೋಸ್ ವಿಸ್ತಾ ಮತ್ತು 7ರಲ್ಲಿ ಡಿವಿಡಿ ಮೇಕರ್ ಎಂಬುದು ಜೊತೆಗೇ ಬರುತ್ತಿತ್ತು, ವಿಂಡೋಸ್ 8ರಿಂದ ಅದನ್ನು ತೆಗೆದುಹಾಕಿದರು. ಈಗ ನಾನು ಬಳಸುವುದು ಡಿವಿಡಿಸ್ಟೈಲರ್. ಉಚಿತ. ಪರಿವರ್ತನೆಗೆ ಅದು ಎಫ್‌ಎಫ್‌ಎಂಪೆಗ್ಅನ್ನು ಒಳಗೇ ಇಟ್ಟುಕೊಂಡಿದೆ, ಹಾಗಾಗಿ ಎಂಪೆಗ್-2ಕ್ಕೆ ಬೇರೆಯಾಗಿ ಬದಲಿಸಬೇಕಿಲ್ಲ. ಇಂಥ ಉಚಿತ ಸಾಫ್ಟ್‌ವೇರ್‌ಗಳನ್ನು ಅವುಗಳ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ, ಇನ್‌ಸ್ಟಾಲ್ ಮಾಡುವಾಗ ಪ್ರತಿ ಪುಟ ಓದಿ, ಬೇಡದ್ದರ ಟಿಕ್ ತೆಗೆಯಿರಿ.

ಹೊಸ ಪ್ರಾಜೆಕ್ಟ್ ತೆರೆದಾಗ ಅದು ಕೇಳುವುದಕ್ಕೆ ಹೀಗೆ ಉತ್ತರಿಸಿ. ಡಿಸ್ಕಿನ ಗಾತ್ರ 4.7 ಜಿಬಿ, ವಿಡಿಯೊ ಬಿಟ್‌ರೇಟ್ ಆಟೊ, ಪದ್ಧತಿ ನೀವು ಮೇಲೆ ನಿರ್ಧರಿಸಿದ್ದು, ಅನುಪಾತ 16:9, ಧ್ವನಿ ಎಸಿ-3. ವಿಡಿಯೊಗಳನ್ನು ಕೆಳಗಿನ ಪಟ್ಟಿಗೆ ಎಳೆದು ಬಿಡಿ. ಪ್ರತಿ ಐದು ನಿಮಿಷಕ್ಕೊಂದು ಅಧ್ಯಾಯ ಇರಲಿ. ರಿಮೋಟಿನ ನೆಕ್ಸ್ಟ್ ಗುಂಡಿಗೆ ಆಗ ಕೆಲಸ ಸಿಗುತ್ತದೆ, ಎರಡು ಗಂಟೆಯ ವಿಡಿಯೊದಲ್ಲಿ ಮಾತೃಭಿಕ್ಷೆ ಎಲ್ಲಿದೆ ಎಂದು ಒತ್ತಿಹಿಡಿದು ಹುಡುಕಬೇಕಿಲ್ಲ.

ಮೆನುವಿನಲ್ಲಿ ಕನ್ನಡ. ಇದಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಇದನ್ನು ಬೇರೆ ಭಾಷೆಯವರು ನಮಗಾಗಿ ಬರೆಯುವುದಿಲ್ಲ. ಮೆನುವಿನಲ್ಲಿ ನೇರವಾಗಿ ಕನ್ನಡ ಟೈಪ್ ಮಾಡಿದರೆ ಕೆಲವು ಆಥರಿಂಗ್ ಸಾಫ್ಟ್‌ವೇರ್‌ಗಳು ಒತ್ತಕ್ಷರಗಳನ್ನು ಒಡೆದುಬಿಡುತ್ತವೆ. ಶ್ರೀ ಎಂದು ಬರೆದದ್ದು ಶ್‌ರೀ ಎಂದು ಕಾಣುತ್ತದೆ. ಫಾಂಟ್ ಬದಲಿಸಿದರೂ ಸರಿಯಾಗುವುದಿಲ್ಲ. ಅಕ್ಷರಗಳನ್ನು ಕೂಡಿಸಿ ಒತ್ತು ಮಾಡುವ ಕೆಲಸವೇ ಆ ಸಾಫ್ಟ್‌ವೇರಿಗೆ ಬರುವುದಿಲ್ಲ. ದಾರಿ ಇದೆ. ಡಿವಿಡಿ ಮೆನು ಎಂದರೆ ಒಂದು ಚಿತ್ರ, ಅದರ ಮೇಲೆ ಒತ್ತುವ ಜಾಗಗಳು, ಅಷ್ಟೇ. ಲಿಬ್ರೆಆಫೀಸ್ ಇಂಪ್ರೆಸ್, ಇಂಕ್‌ಸ್ಕೇಪ್ ಅಥವಾ ಗಿಂಪ್‌ನಲ್ಲಿ ಅಗಲದ ಪುಟ ತೆರೆದು, ನೋಟೊ ಸ್ಯಾನ್ಸ್ ಕನ್ನಡ ಅಥವಾ ನಿಮಗೆ ಒಪ್ಪುವ ಯೂನಿಕೋಡ್ ಫಾಂಟಿನಲ್ಲಿ ಬೇಕಾದ್ದನ್ನು ಬರೆದು, ಚಿತ್ರವಾಗಿ ಉಳಿಸಿ. ಆ ಚಿತ್ರವನ್ನು ಮೆನುವಿನ ಹಿನ್ನೆಲೆಯಾಗಿ ಹಾಕಿ. ಅಕ್ಷರಗಳ ಪಕ್ಕದಲ್ಲಿ ಬರಹವಿಲ್ಲದ ಗುಂಡಿ ಇಡಿ. ಅಂಚಿನಿಂದ ಹತ್ತನೇ ಒಂದು ಪಾಲು ಬಿಟ್ಟು ಒಳಗೆ ಬರೆಯಿರಿ, ಹಳೆಯ ಟಿವಿಗಳು ಅಂಚನ್ನು ನುಂಗುತ್ತವೆ. ತೆಳು ಅಕ್ಷರ ಬೇಡ, ದಪ್ಪ ಅಕ್ಷರ ಬಳಸಿ. ಈ ಅಳತೆಯಲ್ಲಿ ತಲಕಟ್ಟಿನ ಸಣ್ಣ ಗೆರೆಗಳು ಮಿನುಗುತ್ತವೆ.

ಸಬ್‌ಟೈಟಲ್ಲಿಗೂ ಇದೇ ಮಾತು. ಡಿವಿಡಿಯಲ್ಲಿ ಸಬ್‌ಟೈಟಲ್ ಅಕ್ಷರವಾಗಿ ಇರುವುದಿಲ್ಲ, ಒಮ್ಮೆಗೆ ನಾಲ್ಕೇ ಬಣ್ಣದ ಚಿತ್ರವಾಗಿ ಇರುತ್ತದೆ. ಹಾಗಾಗಿ ಪ್ಲೇಯರಿಗೆ ಕನ್ನಡ ಬರಬೇಕಿಲ್ಲ, ಚಿತ್ರ ಮಾಡುವ ಸಾಫ್ಟ್‌ವೇರಿಗೆ ಬಂದರೆ ಸಾಕು. ಅದಕ್ಕೂ ಬರದಿದ್ದರೆ ಎಡಿಟರಿನಲ್ಲೇ ವಿಡಿಯೊದ ಮೇಲೆ ಅಚ್ಚೊತ್ತಿಬಿಡಿ.

ಇಷ್ಟಾದ ಮೇಲೆ ಬರ್ನ್ ಗುಂಡಿ ಒತ್ತಬೇಡಿ! ಐಎಸ್‌ಒ ಇಮೇಜ್ ಮಾಡು ಎಂಬ ಆಯ್ಕೆ ಒತ್ತಿ. ಆ ಒಂದೇ ಫೈಲನ್ನು ವಿಎಲ್‌ಸಿಯಲ್ಲಿ ತೆರೆಯಿರಿ, ಡಿಸ್ಕ್ ಹಾಕಿದ ಹಾಗೆಯೇ ಮೆನು ಸಮೇತ ಓಡುತ್ತದೆ. ಮೆನುವಿನ ಪ್ರತಿ ಗುಂಡಿ ಒತ್ತಿ. ಶುರು, ನಡು, ಕೊನೆ ನೋಡಿ. ತುಟಿ ನೋಡಿ, ಆರತಿ ತಟ್ಟೆ ನೋಡಿ, ಕೊನೆಯ ನಿಮಿಷ ಪೂರ್ತಿ ಇದೆಯೇ ನೋಡಿ. ಇಲ್ಲಿ ಕಾಣುವ ದೋಷ ಡಿಸ್ಕಿನಲ್ಲೂ ಇರುತ್ತದೆ. ಇಲ್ಲಿ ಇಲ್ಲದ ದೋಷ ಡಿಸ್ಕಿನಲ್ಲಿ ಕಂಡರೆ ಅದು ಬರ್ನಿಂಗಿನದು, ಇಲ್ಲವೇ ಪ್ಲೇಯರಿನದು. ಈ ಅರ್ಧ ಗಂಟೆ ಕೊಟ್ಟಿದ್ದರೆ ನನ್ನ ಮೊದಲ ಮೂರು ಡಿಸ್ಕ್ ಉಳಿಯುತ್ತಿದ್ದವು.

ನಾಲ್ಕನೇ ಹಂತ: ಬರ್ನಿಂಗ್

ಖಾಲಿ ಡಿಸ್ಕ್ ಕೊಳ್ಳುವಾಗ ಡಿವಿಡಿ-ಆರ್ ಕೇಳಿ. ಪ್ಲಸ್ ಆರ್ ಕೂಡ ನಡೆಯುತ್ತದೆ, ಆದರೆ ತೀರ ಹಳೆಯ ಪ್ಲೇಯರುಗಳಿಗೆ ಮೈನಸ್ಸೇ ಹೆಚ್ಚು ಹೊಂದುತ್ತದೆ. ಪ್ರಯೋಗಕ್ಕೆಂದು ಒಂದು ಆರ್‌ಡಬ್ಲ್ಯು ಡಿಸ್ಕ್ ಇಟ್ಟುಕೊಳ್ಳಿ, ಅಳಿಸಿ ಮತ್ತೆ ಬರೆಯಬಹುದು. ಅದು ಬೆಳಕನ್ನು ಕಡಿಮೆ ಪ್ರತಿಫಲಿಸುವುದರಿಂದ ಕೆಲವು ಪ್ಲೇಯರುಗಳು ಓದಲಾರವು. ಲ್ಯಾಪ್‌ಟಾಪಿನಲ್ಲಿ ರೈಟರ್ ಇಲ್ಲದವರು ಯುಎಸ್‌ಬಿಗೆ ಹಾಕುವ ತೆಳು ರೈಟರ್ ಕೊಳ್ಳಬಹುದು. ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ ಸಾಮಾನಿನ ಎಸ್.ಪಿ. ರಸ್ತೆ ಇದ್ದೇ ಇದೆ.

ವಿಂಡೋಸ್‌ನಲ್ಲಿ ಐಎಸ್‌ಒ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ ಬರ್ನ್ ಡಿಸ್ಕ್ ಇಮೇಜ್ ಆರಿಸಿ. ವಿಂಡೋಸ್ 11ರಲ್ಲಿ ಅದು ಷೋ ಮೋರ್ ಆಪ್ಷನ್ಸ್ ಎಂಬುದರ ಒಳಗೆ ಅಡಗಿರಬಹುದು. ವೆರಿಫೈ ಡಿಸ್ಕ್ ಎಂಬ ಚೌಕಕ್ಕೆ ಟಿಕ್ ಹಾಕಿ. ವೇಗವನ್ನು ಹಿಡಿತದಲ್ಲಿಡಲು ಇಮ್ಗ್‌ಬರ್ನ್ ಒಳ್ಳೆಯದು. ಹೊಸ ಆವೃತ್ತಿ ಬರದೆ 2013ರದ್ದೇ ಕೊನೆಯದಾದರೂ ಕೆಲಸ ಕೆಟ್ಟಿಲ್ಲ. ಲಿನಕ್ಸ್‌ನವರು ಕೆ3ಬಿ ಬಳಸಿ.

ಐಎಸ್‌ಒ ಫೈಲನ್ನು ಡಿಸ್ಕಿನ ಕಿಟಕಿಗೆ ಎಳೆದು ಹಾಕಬಾರದು. ಹಾಗೆ ಮಾಡಿದರೆ ಡಿಸ್ಕಿನೊಳಗೆ ಐಎಸ್‌ಒ ಎಂಬ ಒಂದೇ ಫೈಲು ಕೂರುತ್ತದೆ, ಪ್ಲೇಯರಿಗೆ ಅದು ಕಲ್ಲು. ಖಾಲಿ ಡಿಸ್ಕ್ ಹಾಕಿದೊಡನೆ ವಿಂಡೋಸ್ ಯುಎಸ್‌ಬಿ ಫ್ಲ್ಯಾಶ್ ಡ್ರೈವಿನಂತೆ ಬಳಸಬೇಕೇ ಎಂದು ಕೇಳಿದರೆ ರದ್ದು ಮಾಡಿ.

ವೇಗ 4ಎಕ್ಸ್ ಅಥವಾ 8ಎಕ್ಸ್ ಇಡಿ. ಡಿಸ್ಕ್ ಒಳಗಿನಿಂದ ಹೊರ ಅಂಚಿನ ಕಡೆಗೆ ಬರೆಯಲ್ಪಡುತ್ತದೆ. 16ಎಕ್ಸ್ ಎಂದರೆ ಆ ವೇಗ ಮುಟ್ಟುವುದು ಹೊರ ಅಂಚಿನಲ್ಲಿ, ಬಣ್ಣದ ಲೇಪ ಒರಟಾಗಿರುವುದೂ ಅಗ್ಗದ ಡಿಸ್ಕಿನ ಅಂಚಿನಲ್ಲೇ. ನನ್ನ ನಾಲ್ಕನೇ ಡಿಸ್ಕ್ ಕೊನೆಯ ಇಪ್ಪತ್ತು ನಿಮಿಷದಲ್ಲಿ ಒಡೆದದ್ದು ಇದರಿಂದ. ಹಾಗೆಂದು 1ಎಕ್ಸ್‌ಗೆ ಇಳಿಸುವುದೂ ಸರಿಯಲ್ಲ, ಈಗಿನ ಡಿಸ್ಕುಗಳ ಲೇಪ ಅಷ್ಟು ನಿಧಾನಕ್ಕೆ ಮಾಡಿದ್ದಲ್ಲ. ಬರೆಯುವಾಗ ಕಂಪ್ಯೂಟರಿಗೆ ಬೇರೆ ಭಾರದ ಕೆಲಸ ಕೊಡಬೇಡಿ, ಸ್ಲೀಪ್ ಆಗದಂತೆ ಮಾಡಿ, ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿಡಿ. ಮಳೆಗಾಲದ ಕರೆಂಟು ನಂಬಿ ಡೆಸ್ಕ್‌ಟಾಪಿನಲ್ಲಿ ಕೂರುವುದಾದರೆ ಯುಪಿಎಸ್ ಇರಲಿ.

ಎರರ್ ಬಂದರೆ ಹೀಗೆ ನೋಡಿ. ಪವರ್ ಕ್ಯಾಲಿಬ್ರೇಶನ್ ಎಂಬ ಮಾತಿದ್ದರೆ ಲೇಸರಿನ ಶಕ್ತಿಯನ್ನು ಆ ಡಿಸ್ಕಿಗೆ ಹೊಂದಿಸಲು ರೈಟರಿಗೆ ಆಗಲಿಲ್ಲ ಎಂದರ್ಥ. ಬೇರೆ ಕಂಪನಿಯ ಡಿಸ್ಕ್ ಹಾಕಿ ನೋಡಿ. ಅದರಲ್ಲೂ ಅದೇ ಬಂದರೆ ಲೆನ್ಸಿಗೆ ದೂಳು ಕೂತಿದೆ, ಇಲ್ಲವೇ ಲೇಸರ್ ಸವೆದಿದೆ. ಯುಎಸ್‌ಬಿ ರೈಟರಿಗೆ ಇನ್ನೊಂದು ಕಾರಣವೂ ಉಂಟು, ವಿದ್ಯುತ್ ಸಾಲದಿರುವುದು. ಯುಎಸ್‌ಬಿ 2.0 ಕಿಂಡಿ ಕೊಡುವುದು 500 ಮಿಲಿಆಂಪಿಯರ್, 3.0 ಕಿಂಡಿ 900. ನೀಲಿ ಕಿಂಡಿಗೆ ಬದಲಿಸಿ, ಉದ್ದದ ಕೇಬಲ್ ಮತ್ತು ಹಬ್ ತೆಗೆಯಿರಿ. ಸೆಮಫೋರ್ ಟೈಮ್‌ಔಟ್ ಎಂದರೆ ಬಹುಮಟ್ಟಿಗೆ ಕೇಬಲ್ಲೇ. ಬರೆಯುವುದು ಮುಗಿದು ವೆರಿಫೈಯಲ್ಲಿ ಸೋತರೆ ಆ ಡಿಸ್ಕನ್ನು ಯಾರಿಗೂ ಕೊಡಬೇಡಿ, ಇವತ್ತು ಓಡಿದರೂ ಮುಂದೆ ಕೈಕೊಡಬಹುದು.

ಕಂಪ್ಯೂಟರಿನಲ್ಲಿ ಓಡುತ್ತದೆ, ಪ್ಲೇಯರಿನಲ್ಲಿ ನೋ ಡಿಸ್ಕ್ ಎನ್ನುತ್ತದೆ. ಆಗ ಮೊದಲು ಡಿಸ್ಕ್ ಫೈನಲೈಸ್ (ಬರೆದು ಮುಗಿಸಿ ಮುಚ್ಚುವುದು) ಆಗಿದೆಯೇ ನೋಡಿ, ಆಮೇಲೆ ಅದೇ ಪ್ಲೇಯರಿಗೆ ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕ್ ಹಾಕಿ. ಅದು ಓಡಿ ಇದು ಓಡದಿದ್ದರೆ ಡಿಸ್ಕಿನ ಬಗೆ ಅಥವಾ ವೇಗ ಬದಲಿಸಿ. ಅದೂ ಓಡದಿದ್ದರೆ ಪ್ಲೇಯರಿನ ಲೆನ್ಸ್ ಸ್ವಚ್ಛ ಮಾಡಿಸಬೇಕು.

ಹಳೆಯ ಡಿಸ್ಕಿನಿಂದ ಹೊರತೆಗೆಯುವುದು

ಇದೇ ಕೆಲಸದ ತಿರುವುಮುರುವು. ಸ್ಟುಡಿಯೊದವರು ಕೊಟ್ಟ ಮದುವೆ ಡಿವಿಡಿಯ ವಿಒಬಿ ಫೈಲುಗಳೊಳಗೆ ಇರುವುದು ಎಂಪೆಗ್-2 ವಿಡಿಯೊವೇ. ಮರುಪರಿವರ್ತನೆ ಮಾಡದೆ ಹಾಗೇ ಹಾರ್ಡ್‌ಡಿಸ್ಕಿಗೆ ನಕಲಿಸಿಟ್ಟರೆ ಗುಣಮಟ್ಟ ಒಂದಿಷ್ಟೂ ಕುಂದುವುದಿಲ್ಲ. ಅದಕ್ಕೂ ಹಳೆಯ ವಿಸಿಡಿಯಾದರೆ ಎಂಪೆಗ್‌ಎವಿ ಫೋಲ್ಡರಿನೊಳಗೆ ಡಿಎಟಿ ಎಂದು ಕೊನೆಯಾಗುವ ಫೈಲು ಇರುತ್ತದೆ. ಅದನ್ನು ನಕಲಿಸಿ ಎಂಪಿಜಿ ಎಂದು ಹೆಸರು ಬದಲಿಸಿದರೆ ಹೆಚ್ಚಾಗಿ ಓಡುತ್ತದೆ. ವಿಸಿಡಿಯ ವಿಡಿಯೊ ಭಾಗಕ್ಕೆ ಡೇಟಾ ಸಿಡಿಗೆ ಇರುವಷ್ಟು ತಪ್ಪು ತಿದ್ದುವ ವ್ಯವಸ್ಥೆ ಇಲ್ಲ. ಸಣ್ಣ ಗೀರೂ ಕಾಣಿಸುತ್ತದೆ. ಮನೆಯಲ್ಲಿ ವಿಸಿಡಿಗಳಿದ್ದರೆ ಡಿವಿಡಿಗಿಂತ ಮೊದಲು ಅವನ್ನು ಇಳಿಸಿಕೊಳ್ಳಿ.

ನಕಲು ನಡುವೆ ನಿಂತರೆ ಮೆತ್ತನೆಯ ಬಟ್ಟೆಯಿಂದ ಡಿಸ್ಕನ್ನು ಒಳಗಿನಿಂದ ಹೊರಕ್ಕೆ ನೇರವಾಗಿ ಒರೆಸಿ. ಸುತ್ತ ತಿರುಗಿಸಿ ಒರೆಸಿದರೆ ಹೊಸ ಗೀರು ಓಟದ ದಿಕ್ಕಿನಲ್ಲೇ ಬಿದ್ದು ಇನ್ನಷ್ಟು ಕೆಡುತ್ತದೆ. ಒಂದು ರೈಟರ್ ಓದದ ಡಿಸ್ಕನ್ನು ಇನ್ನೊಂದು ಓದುವುದುಂಟು, ಪಕ್ಕದ ಮನೆಯವರ ಹಳೆಯ ಡೆಸ್ಕ್‌ಟಾಪಿನಲ್ಲಿ ಒಮ್ಮೆ ಹಾಕಿ ನೋಡಿ. ಲಿನಕ್ಸ್ ಗೊತ್ತಿದ್ದರೆ ಡಿಡಿರೆಸ್ಕ್ಯೂ ಇದೆ, ಓದಲಾಗುವ ಭಾಗವನ್ನೆಲ್ಲ ಮೊದಲು ಎತ್ತಿಟ್ಟುಕೊಂಡು ಕಷ್ಟದ ಜಾಗಕ್ಕೆ ಮತ್ತೆ ಮತ್ತೆ ಬರುತ್ತದೆ.

ಕೊಡುವ ಮುನ್ನ

ಡಿಸ್ಕಿನ ಮೇಲೆ ಕಾಗದದ ಲೇಬಲ್ ಅಂಟಿಸಬೇಡಿ, ತೂಕ ಏರುಪೇರಾಗಿ ತಿರುಗುವಾಗ ಅದುರುತ್ತದೆ. ಸಿಡಿ ಮಾರ್ಕರಿನಲ್ಲಿ ನಡುವಿನ ಬಳೆಯ ಬಳಿ ಬರೆಯಿರಿ, ಬಾಲ್‌ಪೆನ್ ಬೇಡ. ಒಂದೇ ಐಎಸ್‌ಒದಿಂದ ಎರಡು ಪ್ರತಿ ತೆಗೆದು, ಒಂದನ್ನು ಬಿಸಿಲು ತಾಗದ ಕಪಾಟಿನಲ್ಲಿ ಡಬ್ಬಿಯೊಳಗೆ ನಿಲ್ಲಿಸಿಡಿ. ಐಎಸ್‌ಒವನ್ನೂ ಫೋನುಗಳಿಂದ ಬಂದ ಮೂಲ ಫೈಲುಗಳನ್ನೂ ಬೇರೆ ಹಾರ್ಡ್‌ಡಿಸ್ಕಿನಲ್ಲಿ ಉಳಿಸಿ. ಅಜ್ಜಿಯ ಪ್ರತಿಗೆ ಗೀರು ಬಿದ್ದಾಗ ಇನ್ನೊಂದು ಡಿಸ್ಕ್ ಬರೆಯಲು ಬೇಕಾಗುವುದು ಹತ್ತು ಹದಿನೈದು ನಿಮಿಷ.